ಅಂತ್ಯಕ್ರಿಯೆ ಕಂಪನಿಯ ದೊಡ್ಡವರು ಷೇರು ಮಾರಿದರೆ ನಾವೂ ಮಾರಬೇಕಾ?

ಪ್ರಶ್ನೆ (ಟೆಕ್ಸಾಸ್‌ನ ಸದಸ್ಯರು): ಮೇಡಂ, ನಮಸ್ಕಾರ. ನೀವು ಅಮೆರಿಕದಲ್ಲಿ ಷೇರು ಕಾನೂನಿನ ಕಂಪ್ಲಯನ್ಸ್ (ನಿಯಮ ಪಾಲನೆ ನೋಡಿಕೊಳ್ಳುವ) ಕೆಲಸದಲ್ಲಿದ್ದೀರಿ ಅಂತ ಗುಂಪಿನವರು ಹೇಳಿದರು. ಹ್ಯೂಸ್ಟನ್‌ನ ಸರ್ವಿಸ್ ಕಾರ್ಪೊರೇಷನ್ ಇಂಟರ್‌ನ್ಯಾಷನಲ್ ಷೇರು ನನ್ನ ಹತ್ತಿರ ಸ್ವಲ್ಪ ಇದೆ. ಅಂತ್ಯಕ್ರಿಯೆ ಮಾಡಿಸುವ, ಸ್ಮಶಾನ ನಡೆಸುವ ಕಂಪನಿ. "ಬೇರೆ ಯಾವುದೂ ಸಿಗಲಿಲ್ವಾ ನಿಮಗೆ" ಅಂತ ಹೆಂಡತಿ ಬೈದಳು, ಅದಿರಲಿ. ಅಲ್ಲಿನ ಹಿರಿಯ ಅಧಿಕಾರಿಗಳು ಷೇರು ಮಾರಿದರು ಅಂತ ಆಗಾಗ ಫೋನಿಗೆ ಸುದ್ದಿ ಬರುತ್ತದೆ. ಬೆಂಕಿ ಇಲ್ಲದೆ ಹೊಗೆ ಆಡುತ್ತಾ? ಒಳಗಿನವರಿಗೆ ಏನೋ ಗೊತ್ತಿರಬೇಕಲ್ವಾ? ಇದು ಕಾನೂನಿಗೆ ವಿರುದ್ಧ ಅಲ್ಲವೇ?

ಉತ್ತರ: ನಮಸ್ಕಾರ ಸರ್. ಮೊದಲು ಕೊನೆಯ ಪ್ರಶ್ನೆ. ಒಳಗಿನವರು ಷೇರು ಮಾರುವುದು ತಪ್ಪಲ್ಲ. ಹೊರಗೆ ಬಾರದ ದೊಡ್ಡ ಸುದ್ದಿಯನ್ನು ಕೈಯಲ್ಲಿಟ್ಟುಕೊಂಡು ಮಾರುವುದು ತಪ್ಪು. ನಿಮಗೆ ಸುದ್ದಿ ಬರುತ್ತಿರುವುದೇ ಅವರು ಕಾನೂನು ಪ್ರಕಾರ ಲೆಕ್ಕ ಕೊಟ್ಟಿದ್ದರಿಂದ. ನಿರ್ದೇಶಕರು, ಹಿರಿಯ ಅಧಿಕಾರಿಗಳು, 10 ಶೇಕಡಕ್ಕಿಂತ ಜಾಸ್ತಿ ಪಾಲಿರುವವರು ವ್ಯವಹಾರ ಮಾಡಿದ ಎರಡು ಕೆಲಸದ ದಿನದೊಳಗೆ 'ಫಾರ್ಮ್ 4' ಸಲ್ಲಿಸಬೇಕು. 2002ಕ್ಕೆ ಮುಂಚೆ ಮುಂದಿನ ತಿಂಗಳ 10ನೇ ತಾರೀಖಿನವರೆಗೂ ಕಾಯಬಹುದಿತ್ತು. ಎನ್ರಾನ್ ಎನ್ನುವ ದೊಡ್ಡ ಇಂಧನ ಕಂಪನಿ ಲೆಕ್ಕದ ಮೋಸದಿಂದ ಮುಳುಗಿದ ಮೇಲೆ ಬಂದ ಕಾನೂನು ಅದನ್ನು ಬಿಗಿ ಮಾಡಿತು.

ಆ ಫೋನ್ ಸುದ್ದಿಯನ್ನು ಬಿಟ್ಟು ಫಾರ್ಮನ್ನೇ ತೆರೆದು ನೋಡಿ. ಎಡ್ಗರ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಪ್ರತಿ ಸಾಲಿನಲ್ಲೂ ಒಂದು ಅಕ್ಷರ ಇರುತ್ತದೆ. 'ಎಸ್' ಅಂದರೆ ಮಾರಾಟ. 'ಎಂ' ಅಂದರೆ ಕಂಪನಿ ಕೊಟ್ಟ ಆಪ್ಷನ್ (ಮೊದಲೇ ಗೊತ್ತುಮಾಡಿದ ಬೆಲೆಗೆ ಷೇರು ಕೊಳ್ಳುವ ಹಕ್ಕು) ಬಳಸಿ ಷೇರು ಪಡೆದದ್ದು. ಎರಡೂ ಒಂದೇ ದಿನ ಇದ್ದರೆ, ಹಳೇ ಆಪ್ಷನ್ ಅವಧಿ ಮುಗಿಯುವ ಮುಂಚೆ ಅದನ್ನು ದುಡ್ಡು ಮಾಡಿಕೊಂಡಿದ್ದಾರೆ ಅಂತಲೇ ಸಾಮಾನ್ಯವಾಗಿ ಅರ್ಥ. 'ಎಫ್' ಇದ್ದರೆ ತೆರಿಗೆಗೆ ಅಂತ ಕಂಪನಿಯೇ ಷೇರು ಹಿಡಿದುಕೊಂಡಿದೆ. 'ಜಿ' ಇದ್ದರೆ ಮಕ್ಕಳಿಗೋ ಟ್ರಸ್ಟಿಗೋ ಕೊಟ್ಟ ದಾನ. ತಲೆಬರಹ ಬರೆಯುವವರು ಎಷ್ಟೋ ಸಲ ಎಲ್ಲವನ್ನೂ ಸೇರಿಸಿ 'ಮಾರಿದರು' ಅಂದುಬಿಡುತ್ತಾರೆ.

ಇನ್ನು ಈ ಕಂಪನಿಯಲ್ಲಿ ಒಳಗಿನ ಗುಟ್ಟು ಏನಿರಬಹುದು? ಸಾವು ಜಾಸ್ತಿಯೋ ಕಡಿಮೆಯೋ ಅನ್ನುವುದು ಗುಟ್ಟಲ್ಲ. ಸಾವಿನ ಸಂಖ್ಯೆಯನ್ನು ಸರ್ಕಾರವೇ ಪ್ರಕಟಿಸುತ್ತದೆ. ಹೂಳುವ ಬದಲು ಸುಡುವವರು ಅಮೆರಿಕದಲ್ಲಿ ಈಗ ಅರ್ಧಕ್ಕಿಂತ ಜಾಸ್ತಿ, ಅದರಿಂದ ಪ್ರತಿ ಅಂತ್ಯಕ್ರಿಯೆಯ ಆದಾಯ ಕಡಿಮೆ ಅನ್ನುವುದೂ ಎಲ್ಲರಿಗೂ ಗೊತ್ತು. ಆದರೆ ಈ ತ್ರೈಮಾಸಿಕದಲ್ಲಿ ಬದುಕಿರುವಾಗಲೇ ಮುಂಗಡ ಕೊಟ್ಟು ಜಾಗ ಕಾದಿರಿಸಿದವರು ಎಷ್ಟು, ಫಲಿತಾಂಶ ಹೇಗೆ ಬರುತ್ತಿದೆ, ಯಾವ ಕಂಪನಿ ಕೊಳ್ಳುವ ಮಾತು ನಡೆದಿದೆ, ಇವು ಒಳಗಿನವರಿಗೆ ಮಾತ್ರ ಗೊತ್ತು.

ಇದೇ ಕಂಪನಿಯ ಹಳೇ ಕಥೆ ಕೇಳಿ. ರಾಬರ್ಟ್ ವಾಲ್ಟ್ರಿಪ್ 1962ರಲ್ಲಿ ಶುರು ಮಾಡಿದರು. ಊರೂರಿನ ಅಂತ್ಯಕ್ರಿಯೆ ಮನೆಗಳನ್ನು ಕೊಂಡು ಕೊಂಡು ಬೆಳೆದರು. ಜನವರಿ 1999ರಲ್ಲಿ ಇಕ್ವಿಟಿ ಕಾರ್ಪೊರೇಷನ್ ಇಂಟರ್‌ನ್ಯಾಷನಲ್ ಎನ್ನುವ ಸಣ್ಣ ಕಂಪನಿಯನ್ನು ವಿಲೀನ ಮಾಡಿಕೊಂಡರು. ಅದರ ಷೇರುದಾರರಿಗೆ ಸಿಕ್ಕಿದ್ದು ನಗದಲ್ಲ, ಇವರ ಷೇರು. ಕೆಲವೇ ದಿನದಲ್ಲಿ 'ಲಾಭ ಅಂದುಕೊಂಡಷ್ಟು ಬರಲ್ಲ' ಅಂತ ಕಂಪನಿ ಹೇಳಿತು. ಷೇರು ಒಂದೇ ಏಟಿಗೆ 40 ಶೇಕಡಕ್ಕಿಂತ ಜಾಸ್ತಿ ಬಿತ್ತು. ವಿಷಯ ಮೊದಲೇ ಗೊತ್ತಿದ್ದೂ ಮುಚ್ಚಿಟ್ಟರು ಅಂತ ಷೇರುದಾರರು ಕೋರ್ಟಿಗೆ ಹೋದರು. 2004ರಲ್ಲಿ 6.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಇಂಥ ಪ್ರಕರಣದಲ್ಲಿ ವಿಷಯ ಒಳಗಿನವರಿಗೆ ಗೊತ್ತಾದ ತಾರೀಖು, ಹೊರಗೆ ಹೇಳಿದ ತಾರೀಖು, ಈ ಎರಡರ ನಡುವಿನ ಅಂತರವೇ ಮುಖ್ಯ. ಯಾರು ಎಷ್ಟು ಮಾರಿದರು ಅನ್ನುವುದು ಆಮೇಲೆ.

ಪ್ರಶ್ನೆ (ಅವರೇ): ಈಗಷ್ಟೇ ಒಂದು ಫಾರ್ಮ್ ತೆರೆದೆ. ಮೇಲುಗಡೆ '10ಬಿ5-1' ಅಂತ ಚೌಕ ಇದೆ. ಇದೇನು?

ಉತ್ತರ: ಒಳ್ಳೇ ಕಡೆ ಕಣ್ಣು ಹಾಕಿದಿರಿ. ಇಂಥ ದಿನ, ಇಂಥ ಬೆಲೆಗೆ, ಇಷ್ಟು ಷೇರು ಮಾರಿ ಅಂತ ಮುಂಚೆಯೇ ಬ್ರೋಕರ್‌ಗೆ ಬರೆದುಕೊಡುವ ಏರ್ಪಾಡು. ಬರೆದುಕೊಡುವಾಗ ಗುಟ್ಟು ಗೊತ್ತಿರಬಾರದು. 2000ದಲ್ಲಿ ಈ ನಿಯಮ ಬಂತು. ಕೆಲವರು ಇವತ್ತು ಬರೆದುಕೊಟ್ಟು ನಾಳಿದ್ದೇ ಮಾರುವ ಚಾಲಾಕಿ ಮಾಡಿದರು. ಅದಕ್ಕೇ 2023ರಿಂದ ನಿರ್ದೇಶಕರು, ಅಧಿಕಾರಿಗಳು ಕಡಿಮೆ ಅಂದರೂ 90 ದಿನ ಕಾಯಬೇಕು. ಕೆಲವೊಮ್ಮೆ 120 ದಿನದವರೆಗೂ ಹೋಗುತ್ತದೆ. ಚೌಕದಲ್ಲಿ ಗುರುತು ಇದ್ದರೆ ಅರ್ಧ ಚಿಂತೆ ಬಿಡಿ. ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು): ನಡುವೆ ಬಾಯಿ ಹಾಕಿದ್ದಕ್ಕೆ ಬೇಸರ ಮಾಡ್ಕೋಬೇಡಿ ಅಕ್ಕಾ. ನಮ್ಮಲ್ಲೂ ಹಿಂಗೇ ಇದೆಯಾ?

ಉತ್ತರ: ಇದೆ. ಭಾರತದ ಷೇರು ನಿಯಂತ್ರಕ ಸೆಬಿಯ 2015ರ ನಿಯಮ. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಹೊರಬಂದು 48 ಗಂಟೆ ಆಗುವವರೆಗೆ ಒಳಗಿನವರು ವ್ಯವಹಾರ ಮಾಡುವಂತಿಲ್ಲ. ಒಂದು ತ್ರೈಮಾಸಿಕದಲ್ಲಿ 10 ಲಕ್ಷ ರೂಪಾಯಿ ದಾಟಿದರೆ ಎರಡು ವಹಿವಾಟು ದಿನದೊಳಗೆ ಕಂಪನಿಗೆ ತಿಳಿಸಬೇಕು.

ಪ್ರಶ್ನೆ (ಟೆಕ್ಸಾಸ್): ಒಂದು ಕಡೆ ಕಂಪನಿ ತನ್ನದೇ ಷೇರು ಕೊಳ್ಳುತ್ತಿದೆ, ಇನ್ನೊಂದು ಕಡೆ ಅಧಿಕಾರಿಗಳು ಮಾರುತ್ತಿದ್ದಾರೆ. ಇದು ಸರಿನಾ ಮೇಡಂ?

ಉತ್ತರ: ಕಾನೂನಿನಲ್ಲಿ ಅಡ್ಡಿ ಇಲ್ಲ. ನನಗೆ ಮಾತ್ರ ಇದು ಮೆಚ್ಚುಗೆಯಲ್ಲ. ಈ ಕಂಪನಿ ಎಷ್ಟೋ ವರ್ಷದಿಂದ ತನ್ನ ಷೇರು ಕೊಳ್ಳುತ್ತಲೇ ಬಂದಿದೆ. 2006ರ ಹೊತ್ತಿಗೆ 30 ಕೋಟಿಯ ಹತ್ತಿರ ಇದ್ದ ಷೇರುಗಳ ಸಂಖ್ಯೆ ಈಗ 15 ಕೋಟಿಗಿಂತ ಕಡಿಮೆ. ಉಳಿದವರ ಪಾಲು ದಪ್ಪ ಆಗುತ್ತದೆ, ನಿಮಗೂ ಲಾಭ. ಆದರೆ ಕಂಪನಿಯ ದುಡ್ಡು ಬೆಲೆಯನ್ನು ಎತ್ತಿ ಹಿಡಿದಿರುವಾಗಲೇ ಅಧಿಕಾರಿ ಮಾರಿದರೆ ಪ್ರಶ್ನೆ ಏಳುವುದು ಸಹಜ. 2023ರ ಮೇನಲ್ಲಿ ಅಮೆರಿಕದ ಷೇರು ನಿಯಂತ್ರಕರು ಈ ಬಗ್ಗೆ ಜಾಸ್ತಿ ಮಾಹಿತಿ ಕೇಳುವ ನಿಯಮ ತಂದರು. ಅದೇ ಡಿಸೆಂಬರ್‌ನಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ರದ್ದು ಮಾಡಿತು.

ನೀವು ಇಷ್ಟು ನೋಡಿ: ಆಪ್ಷನ್ ಇಲ್ಲದೆ, ಚೌಕದ ಗುರುತೂ ಇಲ್ಲದೆ, ಮೂರು ನಾಲ್ಕು ಜನ ಒಂದೇ ತಿಂಗಳಲ್ಲಿ ಮಾರಿದ್ದಾರಾ? ಮಾರಿದ್ದರೆ ಯೋಚಿಸಬೇಕಾದ್ದೇ. ಮಾರಿದ ಮೇಲೆ ಕೈಯಲ್ಲಿ ಎಷ್ಟು ಉಳಿದಿದೆ ಅನ್ನುವ ಕಾಲಂ ಅದೇ ಸಾಲಿನ ಬಲಗಡೆ ಇದೆ. ನೀವು ತೆರೆದ ಫಾರ್ಮಿನಲ್ಲಿ ಏನಿದೆ?

ಟೆಕ್ಸಾಸ್: 'ಎಂ', ಕೆಳಗೆ 'ಎಸ್', ಒಂದೇ ದಿನ. ಮಾರಿದ್ದಕ್ಕಿಂತ ಉಳಿದದ್ದು ಹತ್ತು ಪಟ್ಟು ಜಾಸ್ತಿ ಇದೆ.

ಉತ್ತರ: ಹಾಗಾದರೆ ಆ ಸುದ್ದಿ ನೋಡಿ ನಾನಂತೂ ಮಾರುತ್ತಿರಲಿಲ್ಲ. ಬೇರೆ ಕಾರಣ ಇದ್ದರೆ ನಿಮ್ಮಿಷ್ಟ. ಹೆಂಡತಿಗೆ ಇಷ್ಟವಿಲ್ಲ ಅನ್ನುವುದೂ ಒಂದು ಕಾರಣವೇ.