ನೀರಿಲ್ಲದ ಕಡೆ ಇರುವ ನೀರಿಲಿ! ನಮ್ಮ ನಾಲೆಯಲ್ಲಿ ಈಜಿದ್ದೂ ಇದೇನಾ?

ತೂಬಿನ ಹತ್ತಿರದವನು (ಪಾಂಡವಪುರ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮ ಗದ್ದೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಒಂದು ಕವಲಿನ ಪಕ್ಕದಲ್ಲಿದೆ. ಹೋದ ವಾರ ಸಂಜೆ ನೀರು ಕಟ್ಟಲು ಹೋಗಿದ್ದೆ. ತೂಬಿನ ಕಲ್ಲಿನ ಮೇಲೆ ಕೂತಿದ್ದಾಗ ಆಚೆ ದಡದಲ್ಲಿ 'ಬುಳುಕ್' ಅಂತ ಸದ್ದಾಯಿತು. ಇಲಿಯಂಥದ್ದೊಂದು ಮೂಗು ಮಾತ್ರ ಮೇಲಿಟ್ಟುಕೊಂಡು ಈಜುತ್ತಾ ಬಂತು. ನನ್ನಿಂದ ಎರಡು ಮಾರು ದೂರದಲ್ಲಿ ದಡ ಹತ್ತಿ, ಮೈ ಒದರಿ, ಬದುವಿನ ಹುಲ್ಲಿಗೆ ನುಗ್ಗಿತು. ಟಾರ್ಚ್ ಹಾಕುವ ಹೊತ್ತಿಗೆ ಮಾಯ.

ಮಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದಾಳೆ. ಫೋನಲ್ಲಿ ಹೇಳಿದೆ. "ಅಪ್ಪಾ, ವಾಟರ್ ವೋಲ್, ಅಂದರೆ ನೀರಿಲಿ ಇರಬೇಕು, ನಮ್ಮನೆ ಹತ್ತಿರವೂ ಇದೆ" ಅಂತ ವಿಡಿಯೋ ಕಳಿಸಿದಳು. ಗುಂಡು ಮುಖ, ಕಿವಿ ಕಾಣಿಸೋದೇ ಇಲ್ಲ. ಹುಲ್ಲುಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು, ನಮ್ಮ ಹುಡುಗರು ಕಬ್ಬು ಜಗಿಯುವ ಹಾಗೆ ಜಗಿಯುತ್ತಿದೆ. ಆದರೆ ಅಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ. ಬರೀ ಹುಲ್ಲುಗಾವಲು, ಆಚೆ ಕಡೆ ರಸ್ತೆ. ಹೆಸರಿಗೆ ನೀರಿಲಿ, ಸಂಸಾರ ಒಣನೆಲದಲ್ಲಿ!

ನಮ್ಮದೂ ಅದೇನಾ? ಕೇಳೋಕೆ ಕಾರಣ ಇದೆ. ಬದುವಿನ ಪಕ್ಕದ ಭತ್ತದ ತೆಂಡೆಗಳು ಕುಡುಗೋಲು ಹಾಕಿದ ಹಾಗೆ ಓರೆಯಾಗಿ ಕತ್ತರಿಸಿ ಬಿದ್ದಿವೆ. ವೋಲ್ ಕೂಡ ಹುಲ್ಲನ್ನು ಹೀಗೇ ಓರೆಯಾಗಿ ಕತ್ತರಿಸುತ್ತದೆ ಅಂತಾಳೆ ಮಗಳು.

ಕಬ್ಬಿನಗದ್ದೆ (ಮದ್ದೂರು)

ಅಣ್ಣಾ, ಅದು ಹೆಗ್ಗಣ. ಗ್ಲಾಸ್ಗೋವರೆಗೂ ಯಾಕೆ ಹೋದಿರಿ? ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಇದೆಯಾ ನೋಡಿ. ಒಳಗೆ ಹೋದ ಮೇಲೆ ಬಾಗಿಲಿಗೆ ಮಣ್ಣು ಮೆತ್ತಿಕೊಳ್ಳುವ ಜಾತಿ ಅದು. ಹೋದ ಕೊಯ್ಲಿನಲ್ಲಿ ನಾವು ಒಂದು ಬಿಲ ಅಗೆದೆವು. ಮೊದಲ ಕವಲು ಖಾಲಿ, ಎರಡನೆಯದು ಖಾಲಿ. ಮೂರನೆಯದರಲ್ಲಿ ತೆನೆ ಅಂದರೆ ತೆನೆ! ನಮ್ಮಮ್ಮ ಮಂಕರಿ ತಂದು ತುಂಬಿದರು. ತೊಳೆದು ಒಣಗಿಸಿ ಕೋಳಿಗೆ ಹಾಕಿದೆವು.

ಗಂಗೋತ್ರಿ ಬಡಾವಣೆ ಮೇಷ್ಟ್ರು (ಮೈಸೂರು)

ಮದ್ದೂರಿನವರು ಹೇಳಿದ್ದು ಸರಿ. ನಾನು ಪ್ರಾಣಿಶಾಸ್ತ್ರ ಪಾಠ ಮಾಡಿ ರಿಟೈರ್ ಆದವನು, ಹಾಗಾಗಿ ಸ್ವಲ್ಪ ಉದ್ದ ಎಳೆಯುತ್ತೇನೆ, ಸಹಿಸಿಕೊಳ್ಳಿ.

ಹಿಮಾಲಯದಲ್ಲಿ ಬೇರೆ ವೋಲ್‌ಗಳಿವೆ, ನಮ್ಮ ದಕ್ಷಿಣದಲ್ಲಿ ಒಂದೂ ಇಲ್ಲ. ನೀವು ನೋಡಿದ್ದು ಗದ್ದೆ ಹೆಗ್ಗಣ, ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್. ಚೆನ್ನಾಗಿ ಈಜುತ್ತದೆ. ನಿಮ್ಮ ಮಗಳು ತೋರಿಸಿದ್ದು ಆರ್ವಿಕೋಲಾ ಆಂಫಿಬಿಯಸ್. ಇವೆರಡೂ ಅಣ್ಣತಮ್ಮ ಅಲ್ಲ. ಹೆಗ್ಗಣ ಇಲಿಗಳ ಕುಟುಂಬ, ವೋಲ್ ಹ್ಯಾಮ್‌ಸ್ಟರ್‌ಗಳ ಕುಟುಂಬ. ಹೆಗ್ಗಣಕ್ಕೆ 42 ಕ್ರೋಮೋಸೋಮ್, ವೋಲ್‌ಗೆ 36. ಅದನ್ನೆಲ್ಲ ಗದ್ದೆಯಲ್ಲಿ ಎಣಿಸೋಕಾಗಲ್ಲ ಬಿಡಿ. ಬಾಲ ನೋಡಿ, ಸಾಕು. ವೋಲ್ ಬಾಲದ ಮೇಲೆ ಕೂದಲಿರುತ್ತದೆ, ಹೆಗ್ಗಣದ್ದು ಹೆಚ್ಚುಕಡಿಮೆ ಬೋಳು, ಉಂಗುರ ಉಂಗುರ.

ನನಗೆ ನೀರಿಲಿಯ ಹಲ್ಲಿನ ಮೇಲೆ ಜಾಸ್ತಿ ಪ್ರೀತಿ. ಇಲಿ ಹೆಗ್ಗಣಗಳಿಗೆ ಮುಂದಿನ ಬಾಚಿಹಲ್ಲು ಮಾತ್ರ ಸಾಯುವವರೆಗೂ ಬೆಳೆಯುತ್ತದೆ. ನೀರಿಲಿಗೆ ದವಡೆಹಲ್ಲೂ ಬೆಳೆಯುತ್ತಲೇ ಇರುತ್ತದೆ, ಅದಕ್ಕೆ ಬೇರು ಅನ್ನೋದೇ ಇಲ್ಲ. ದಿನಕ್ಕೆ ತನ್ನ ತೂಕದ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಲ್ಲು ತಿನ್ನೋ ಪ್ರಾಣಿ, ಹಲ್ಲು ಸವೆಯದೆ ಇರುತ್ತದೆಯೇ? ಇದರ ಪೂರ್ವಿಕ ಮಿಮೊಮಿಸ್‌ಗೆ ದವಡೆಹಲ್ಲಿಗೆ ಬೇರಿತ್ತು. ಲಕ್ಷಾಂತರ ವರ್ಷಗಳ ಹಿಂದೆ ಅದು ಹೋಯಿತು. ಬ್ರಿಟನ್ನಿನ ಹಳೇ ಮಣ್ಣಿನ ಪದರಗಳಲ್ಲಿ ವೋಲ್ ಹಲ್ಲು ಸಿಕ್ಕರೆ ಬೇರಿದೆಯಾ ಇಲ್ಲವಾ ನೋಡಿ ಪದರದ ಕಾಲ ಅಂದಾಜು ಮಾಡುತ್ತಾರೆ. 'ವೋಲ್ ಗಡಿಯಾರ' ಅಂತಲೇ ಹೆಸರು.

ಇನ್ನು ನೀರಿನ ವಿಷಯ. ಈ ಗೊಂದಲ ನಿಮ್ಮೊಬ್ಬರದೇ ಅಲ್ಲ. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇದೇ ಪ್ರಾಣಿಗೆ ಎರಡು ಹೆಸರಿಟ್ಟ. ನೀರಿನದು ಒಂದು, ನೆಲದ್ದು ಇನ್ನೊಂದು ಅಂದುಕೊಂಡ. ಎರಡೂ ಒಂದೇ. ಯುರೋಪಿನ ಎಷ್ಟೋ ಕಡೆ ಇದು ನೀರಿನ ಗೊಡವೆ ಇಲ್ಲದೆ ಹುಲ್ಲುಗಾವಲಿನ ಅಡಿಯಲ್ಲೇ ಬಿಲ ಮಾಡಿಕೊಂಡಿರುತ್ತದೆ. ಸ್ವಿಟ್ಜರ್ಲೆಂಡ್, ಫ್ರಾನ್ಸ್ ರೈತರಿಗೆ ಇದರ ಬಂಧುಗಳ ಕಾಟ, ನಿಮಗೆ ಹೆಗ್ಗಣದ್ದು ಇದ್ದ ಹಾಗೆ. ಬ್ರಿಟನ್ನಿನಲ್ಲಿ ಹೆಚ್ಚಾಗಿ ಹೊಳೆದಡದಲ್ಲಿದೆ, ಆದರೆ ಗ್ಲಾಸ್ಗೋದ ಪೂರ್ವಭಾಗದವು ಹುಲ್ಲಿನಡಿ.

ಸ್ಕಾಟ್ಲೆಂಡಿನಲ್ಲಿ ಎಷ್ಟೋ ನೀರಿಲಿಗಳು ಕಪ್ಪಗಿರುತ್ತವೆ. ಡಿಎನ್‌ಎ ನೋಡಿದರೆ ಅವುಗಳ ವಂಶ ಹಿಮಯುಗದಲ್ಲಿ ಸ್ಪೇನ್ ಕಡೆ ಉಳಿದಿದ್ದವುಗಳದ್ದು. ಇಂಗ್ಲೆಂಡಿನವು ಆಗ್ನೇಯ ಯುರೋಪಿನಿಂದ ಬಂದವು. ಒಂದೇ ದ್ವೀಪ, ಎರಡು ವಲಸೆ.

ತೂಬಿನ ಹತ್ತಿರದವನು

ಮೇಷ್ಟ್ರೇ, ಹಾಗಾದರೆ ಅಲ್ಲಿ ಅದನ್ನು ಮುಟ್ಟಿದರೆ ಕೇಸ್ ಹಾಕ್ತಾರೆ ಅಂತ ಮಗಳು ಹೇಳಿದ್ದು ನಿಜವೇ? ಒಂದು ಇಲಿಗೆ ಇಷ್ಟೊಂದು ಮರ್ಯಾದೆ! ನಮ್ಮ ಕಡೆ ಹೆಗ್ಗಣ ಕಂಡರೆ ಮೊದಲು ಗುದ್ದಲಿ ಹುಡುಕುತ್ತೇವೆ.

ಗಂಗೋತ್ರಿ ಬಡಾವಣೆ ಮೇಷ್ಟ್ರು

ಅರ್ಧ ನಿಜ. ಇಂಗ್ಲೆಂಡಿನಲ್ಲಿ 1998ರಿಂದ ಬಿಲಕ್ಕೆ ರಕ್ಷಣೆ, 2008ರಿಂದ ಪ್ರಾಣಿಗೂ. ನಿಮ್ಮ ಮಗಳಿರುವ ಸ್ಕಾಟ್ಲೆಂಡಿನಲ್ಲಿ ಬಿಲಕ್ಕೆ ಮಾತ್ರ. ಕಾರಣ ಮಿಂಕ್. ತುಪ್ಪಳಕ್ಕೆ ಅಂತ ಅಮೆರಿಕದಿಂದ ತಂದು ಸಾಕಿದ್ದ ಪ್ರಾಣಿ, ತಪ್ಪಿಸಿಕೊಂಡು ಹೊಳೆ ಸೇರಿತು. ಡೆವನ್‌ನಲ್ಲಿ ಕಾಡಿನಲ್ಲೇ ಮರಿ ಹಾಕಿದ್ದು 1956ರಲ್ಲಿ ಗೊತ್ತಾಯಿತು. ನೀರಿಲಿ ಹೆದರಿದರೆ ನೀರಿಗೆ ಧುಮುಕಿ, ಕೆಸರು ಕದಡಿ, ನೀರೊಳಗಿನ ಬಾಗಿಲಿನಿಂದ ಬಿಲಕ್ಕೆ ನುಗ್ಗುತ್ತದೆ. ಅಲ್ಲಿನ ಹಳೇ ಶತ್ರುಗಳಿಗೆ ಅಷ್ಟು ಸಾಕಿತ್ತು. ಮಿಂಕ್ ಈಜುತ್ತದೆ, ಹೆಣ್ಣು ಮಿಂಕ್ ಅದೇ ಬಿಲದೊಳಗೆ ತೂರುತ್ತದೆ. ಮರಿ ತಾಯಿ ಯಾವುದೂ ಉಳಿಯಲ್ಲ.

ನಮ್ಮಲ್ಲಿ ಬಿಲಕ್ಕೆ ತೂರುವ ಕೆಲಸ ಕೆರೆಹಾವಿನದ್ದು. ಆದರೆ ಹೆಗ್ಗಣಕ್ಕೂ ಕೆರೆಹಾವಿಗೂ ತಲೆತಲಾಂತರದ ಪರಿಚಯ. ದಯವಿಟ್ಟು ಕೆರೆಹಾವು ಕಂಡರೆ ಹೊಡೆಯಬೇಡಿ, ಅದು ನಿಮ್ಮ ಪುಕ್ಕಟೆ ಆಳು.

ಕಬ್ಬಿನಗದ್ದೆ

ಗೂಬೆಗೂ ಒಂದು ಕವಲುಕೋಲು ನೆಡಿ ಅಣ್ಣಾ. ಗದ್ದೆ ನಡುವೆ, ಆಳೆತ್ತರಕ್ಕೆ. ರಾತ್ರಿ ಕೂರುತ್ತದೆ.

ತೂಬಿನ ಹತ್ತಿರದವನು

ನಿನ್ನೆ ಸಂಜೆ ಮತ್ತೆ ಹೋಗಿದ್ದೆ. ಈ ಸಲ ಟಾರ್ಚ್ ಮೊದಲೇ ಕೈಯಲ್ಲಿತ್ತು. ಅದೇ ಜಾಗ, ಅದೇ 'ಬುಳುಕ್'. ದಡ ಹತ್ತುವಾಗ ಬೆಳಕು ಬಿಟ್ಟೆ, ಒಂದು ಗಳಿಗೆ ಹಾಗೇ ನಿಂತಿತು. ಬಾಲ ಬೋಳು, ಉಂಗುರ ಉಂಗುರ. ಮಗಳಿಗೆ ಫೋನ್ ಮಾಡಿ ಹೇಳಿದೆ. "ಅಯ್ಯೋ, ಹೆಗ್ಗಣಾನಾ?" ಅಂತ ಬೇಜಾರು ಮಾಡಿಕೊಂಡಳು.