ಅಪ್‌ಡೇಟ್: ದೋಣಿಯ ಕಾರ್ಪೆಟ್ ಕೀಳಬೇಕಾಗಲಿಲ್ಲ

ಅಮೆರಿಕದ ಮಿನ್ನೆಸೋಟದಲ್ಲಿ ನಾವು ವಾಲ್‌ಐ ಮೀನು ಹಿಡಿಯಲು ಬಳಸುವ ಅಲ್ಯೂಮಿನಿಯಂ ದೋಣಿಯ ಕಾರ್ಪೆಟ್ ಮೇಲೆ ಮೀನಿನ ರಕ್ತದ ಕಲೆ, ಜೊತೆಗೆ ಮುಗ್ಗಲು ವಾಸನೆ. ಕಿತ್ತು ಹೊಸದು ಅಂಟಿಸಬೇಕೇ ಎಂದು ಕೇಳಿದ್ದೆ. ಅದರ ಅಗತ್ಯ ಬೀಳಲಿಲ್ಲ. ಉತ್ತರಿಸಿದವರಿಗೆಲ್ಲ ಮನಸಾರೆ ಧನ್ಯವಾದ.

ಒಣಗಿದ್ದಾಗಲೇ ವ್ಯಾಕ್ಯೂಮ್ ಹಿಡಿದು ಮರಳು ತೆಗೆದೆ. ರಕ್ತಕ್ಕೆ ತಣ್ಣೀರು ಮಾತ್ರ. ಬಿಸಿನೀರು ಬಿದ್ದರೆ ಅದರಲ್ಲಿರುವ ಪ್ರೋಟೀನ್ ಹೆಪ್ಪುಗಟ್ಟಿ ಎಳೆಗೆ ಕಚ್ಚಿಕೊಳ್ಳುತ್ತದೆ. ಬಳಿಕ ಎನ್‌ಜೈಮ್ ಕ್ಲೀನರ್ (ರಕ್ತದಂತಹ ಕಲೆಯನ್ನು ಒಡೆದು ಕರಗಿಸುವ ದ್ರವ) ಸುರಿದು, ಅದು ಒಣಗದಂತೆ ಒದ್ದೆ ಬಟ್ಟೆ ಹೊದಿಸಿ, ಕೆಲಸ ಮಾಡಲು ಸಮಯ ಕೊಟ್ಟೆ. ನೈಲಾನ್ ಬ್ರಷ್‌ನಿಂದ ಉಜ್ಜಿ ನೀರು ಹೀರುವ ವ್ಯಾಕ್ಯೂಮ್ ಹಿಡಿದಾಗ ಡಬ್ಬಿಯಲ್ಲಿ ಕಾಫಿ ಡಿಕಾಕ್ಷನ್‌ನಂತಹ ನೀರು ತುಂಬಿತು! ಸ್ವಚ್ಛ ನೀರು ಬರುವವರೆಗೂ ತೊಳೆದೆ.

ಪ್ರೆಷರ್ ವಾಷರ್ ಬೇಡವೆಂದವರ ಮಾತು ನನಗೆ ಸರಿಯೆನಿಸಿತು. ನಮ್ಮ ಕಾರ್ಪೆಟ್ ಪ್ಲೈವುಡ್‌ಗೆ ಅಂಟಿಸಿದ್ದು. ಜೋರು ನೀರಿಗೆ ಅಂಚು ಏಳುತ್ತದೆ, ಒಳಗೆ ಇಳಿದ ನೀರು ಹಲಗೆಯನ್ನು ಕೊಳೆಯಿಸುತ್ತದೆ. ಒಣಗಿಸುವುದೇ ನಿಜವಾದ ಕೆಲಸ. ಟ್ರೈಲರ್‌ನ ಜಾಕ್ ಎತ್ತರಿಸಿ ದೋಣಿಯ ಮೂತಿ ಮೇಲೆ ಮಾಡಿದೆ, ಹಿಂಭಾಗದ ಡ್ರೈನ್ ಪ್ಲಗ್ ಬಿಚ್ಚಿದೆ, ಮುಚ್ಚಳಗಳನ್ನೆಲ್ಲ ತೆರೆದು ಫ್ಯಾನ್ ಇಟ್ಟೆ.

ಉಳಿದ ಮುಗ್ಗಲಿಗೆ ನೀರು ಬೆರೆಸಿದ ಬಿಳಿ ವಿನೆಗರ್ ಸಾಕಾಯಿತು. ದಯವಿಟ್ಟು ಅದಕ್ಕೆ ಬ್ಲೀಚ್ ಮಾತ್ರ ಸೇರಿಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ಹಿಡಿದ ಮೀನನ್ನು ಜೀವಂತವಾಗಿಡುವ ನೀರಿನ ತೊಟ್ಟಿಯಾದ ಲೈವ್‌ವೆಲ್ ಪಕ್ಕ ಒಂದು ಮಸುಕು ಕಲೆ ಇನ್ನೂ ಇದೆ. ಅಲ್ಲಿಗೆ ಮತ್ತೊಮ್ಮೆ ಎನ್‌ಜೈಮ್ ಹಾಕುತ್ತೇನೆ.