ಪದ ಬೇಕು, ತುರ್ತು: ‘ನಸ್ಖ್’ಗೆ ‘ರದ್ದು’ ಸರಿ ಹೋಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ.

ಪ್ರದರ್ಶನವೊಂದರ ಹನ್ನೆರಡು ಫಲಕಗಳ ಅನುವಾದ ನನ್ನ ಕೈಯಲ್ಲಿದೆ, ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಬೈಬಲ್ ಮತ್ತು ಕುರ್‌ಆನಿನಲ್ಲಿ ಓದುವಾಗ ಎದೆ ಝಲ್ ಅನ್ನಿಸುವ ವಚನಗಳಿವೆಯಲ್ಲ, ಅವನ್ನು ನಂಬುವವರೇ ಹೇಗೆ ಓದಿಕೊಂಡು ಬಂದಿದ್ದಾರೆ ಅನ್ನುವುದು ವಿಷಯ. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ತಲೆಬರಹ. ಇಂಥ ವಚನಗಳಿಗೆ ಒಟ್ಟಾಗಿ ಏನನ್ನೋಣ? ‘ವಿವಾದಿತ ವಚನಗಳು’ ಅಂದರೆ ಟಿವಿ ಚರ್ಚೆಯ ಹಾಗೆ ಕೇಳಿಸುತ್ತದೆ. ‘ಕ್ರೂರ ವಚನಗಳು’ ಅಂದರೆ ಫಲಕವೇ ತೀರ್ಪು ಕೊಟ್ಟಂತೆ.

ಎರಡನೆಯದು ‘ನಸ್ಖ್’. ಕುರ್‌ಆನ್ 8:65ರಲ್ಲಿ ತಾಳ್ಮೆಯುಳ್ಳ ಇಪ್ಪತ್ತು ಮಂದಿ ಇನ್ನೂರು ಮಂದಿಯನ್ನು ಗೆಲ್ಲುತ್ತಾರೆ ಎಂದಿದೆ. ಮುಂದಿನ ವಚನದಲ್ಲೇ, ದೇವರು ನಿಮ್ಮ ಹೊರೆ ಇಳಿಸಿದ್ದಾನೆ, ನೂರು ಮಂದಿ ಇನ್ನೂರು ಮಂದಿಯನ್ನು ಗೆಲ್ಲುತ್ತಾರೆ ಎಂದಿದೆ. ಒಬ್ಬನಿಗೆ ಹತ್ತು ಇದ್ದದ್ದು ಒಬ್ಬನಿಗೆ ಎರಡು ಆಯಿತು. ಹಿಂದಿನ ವಿಧಿಯ ಜಾಗಕ್ಕೆ ಮುಂದಿನದು ಬರುವ ಈ ಕ್ರಮಕ್ಕೆ ನಸ್ಖ್ ಅನ್ನುತ್ತಾರೆ. ನಾನು ‘ರದ್ದತಿ’ ಅಂತ ಹಾಕಿದ್ದೆ. ಕರಡು ನೋಡಿದ ಮೌಲವಿಯೊಬ್ಬರು ಬೇಡವೇ ಬೇಡ ಅಂದರು. ‘ವಚನ ರದ್ದಾಗಿಲ್ಲಮ್ಮ, ಇವತ್ತೂ ನಮಾಜಿನಲ್ಲಿ ಓದುತ್ತೇವೆ’ ಅಂದರು. ಅವರ ಮಾತು ಸರಿ ಅನ್ನಿಸಿತು, ಆದರೆ ಬೇರೆ ಪದ ಹೊಳೆಯುತ್ತಿಲ್ಲ.

ಮೂರನೆಯದು ‘ಅಲಿಗರಿ’, ಅಂದರೆ ಮೇಲಿನ ಮಾತಿನ ಒಳಗೆ ಬೇರೊಂದು ಅರ್ಥ ಕಾಣುವ ಬಗೆ. ಬೈಬಲಿನ ಕೀರ್ತನೆ 137ರ ಕೊನೆಯ ವಚನದಲ್ಲಿ ಬಾಬಿಲೋನಿನ ಹಸುಗೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ ಎಂದಿದೆ. ಮೂರನೆಯ ಶತಮಾನದ ಒರಿಗೆನ್, ಆಮೇಲೆ ಅಗಸ್ಟೀನ್, ಈ ಇಬ್ಬರು ಕ್ರೈಸ್ತ ವ್ಯಾಖ್ಯಾನಕಾರರೂ ಇದನ್ನು ಅಕ್ಷರಶಃ ತೆಗೆದುಕೊಳ್ಳಲಿಲ್ಲ. ಕೂಸುಗಳೆಂದರೆ ಮನಸ್ಸಿನಲ್ಲಿ ಆಗ ತಾನೇ ಹುಟ್ಟಿದ ಕೆಟ್ಟ ಆಸೆಗಳು, ಬೆಳೆಯುವ ಮೊದಲೇ ಅವನ್ನು ಮುಗಿಸಬೇಕು. ಅಗಸ್ಟೀನನಿಗೆ ಬಂಡೆಯೆಂದರೆ ಕ್ರಿಸ್ತ. ಈ ಬಗೆಯ ಓದಿಗೆ ‘ರೂಪಕ’ ಸಾಲದು ಅಲ್ವಾ?

ಪದಕೋಶಗಳನ್ನು ನೋಡಿಯಾಗಿದೆ. ಸುಮ್ನೆ ಅಲ್ಲಿರುವುದನ್ನೇ ಕಳಿಸಬೇಡಿ ದಯವಿಟ್ಟು.

ಮರು:

ಎರಡನೆಯದಕ್ಕೆ ‘ಆದೇಶ’. ಇದರಲ್ಲಿ ಚರ್ಚೆಗೆ ಏನಿದೆ? ಸಂಧಿಯಲ್ಲಿ ಲೋಪ, ಆಗಮ, ಆದೇಶ ಎಲ್ಲರಿಗೂ ಗೊತ್ತು. ಒಂದರ ಜಾಗಕ್ಕೆ ಇನ್ನೊಂದು ಬಂದರೆ ಆದೇಶ. ‘ಮಳೆ’ಗೆ ‘ಕಾಲ’ ಸೇರಿ ‘ಮಳೆಗಾಲ’ ಆದಾಗ ಕಕಾರ ರದ್ದಾಯಿತು ಅಂತ ಯಾರೂ ಹೇಳುವುದಿಲ್ಲ. ನಸ್ಖ್‌ಗೆ ಆಧಾರವಾದ 2:106 ಹೇಳುವುದೂ ಇದನ್ನೇ: ಯಾವುದನ್ನು ತೆಗೆದರೂ ಅದಕ್ಕಿಂತ ಒಳ್ಳೆಯದನ್ನೋ ಅದರಂಥದ್ದನ್ನೋ ತರುತ್ತೇವೆ. ತೆಗೆಯುವುದು, ತರುವುದು, ಎರಡೂ ಸೇರಿದರೇನೇ ಆದೇಶ. ‘ರದ್ದು’ ಪದದಲ್ಲಿ ತರುವ ಕೆಲಸ ಇಲ್ಲವೇ ಇಲ್ಲ.

ಮೂರನೆಯದಕ್ಕೆ ‘ಅನ್ಯೋಕ್ತಿ’. ಗ್ರೀಕಿನಲ್ಲಿ ‘ಅಲ್ಲೊಸ್’ ಅಂದರೆ ಬೇರೆ, ‘ಅಗೊರೆಯುಯೆಯ್ನ್’ ಅಂದರೆ ನುಡಿಯುವುದು. ಅನ್ಯ, ಉಕ್ತಿ. ಪದ ಪದಕ್ಕೂ ಕೂಡುತ್ತದೆ. ‘ಸುವಾರ್ತೆ’ಯನ್ನು ಹೀಗೆಯೇ ಕಟ್ಟಿದ್ದಾರೆ, ‘ಎವಾಂಗೆಲಿಯೊನ್’ ಅಂದರೆ ಒಳ್ಳೆಯ ಸುದ್ದಿ. ಮುಗಿಯಿತು.

ಮರು:

ಮುಗಿದಿಲ್ಲ. ರಸ್ತೆಯಲ್ಲಿ ಹೋಗುವವನು ಫಲಕದ ಮೇಲೆ ‘ಆದೇಶ’ ಅಂತ ಓದಿದರೆ ಸರ್ಕಾರಿ ಆದೇಶ ಅಂದುಕೊಳ್ಳುತ್ತಾನೆ. ವ್ಯಾಕರಣದ ಪಾರಿಭಾಷಿಕ ಪದವನ್ನು ಗೋಡೆಗೆ ತೂಗುಹಾಕಿದರೆ ಅದು ಕನ್ನಡ ಆಗುವುದಿಲ್ಲ.

ಸಕ್ಕದದಿಂದ ತಂದು ಸುರಿಯುವುದರ ಬದಲು ನಮ್ಮಲ್ಲಿ ಇರುವುದನ್ನು ನೋಡಿ. ನಸ್ಖ್‌ಗೆ ‘ಮಾರ್ಪಾಡು’. ಅಲಿಗರಿಗೆ ‘ಒಳಹುರುಳು’. ತಲೆಬರಹಕ್ಕೆ ‘ತೊಡಕಿನ ನುಡಿಗಳು’. ಬೈಬಲನ್ನು ಕನ್ನಡಕ್ಕೆ ತಂದವರು ‘ಒಡಂಬಡಿಕೆ’ ಅನ್ನುವ ಪದವನ್ನು ಆರಿಸಿಕೊಂಡದ್ದನ್ನು ನೆನೆಸಿಕೊಳ್ಳಿ. ಒಡನ್, ಪಡು. ಅಷ್ಟು ತೂಕದ ವಿಚಾರ ಎರಡು ಪುಟ್ಟ ಕನ್ನಡ ಬೇರುಗಳಲ್ಲಿ ಕೂತಿದೆ. ಯಾರಿಗೂ ವಿವರಿಸಬೇಕಾಗಿಲ್ಲ. ಮಾಡಬೇಕಾದ ಕೆಲಸ ಇದು.

ಮರು:

‘ಮಾರ್ಪಾಡು’ ತಪ್ಪು. ಮಾರ್ಪಾಡು ಅಂದರೆ ಇದ್ದ ವಾಕ್ಯವನ್ನೇ ತಿದ್ದಿದಂತೆ. ಕುರ್‌ಆನಿನ ವಾಕ್ಯವನ್ನು ತಿದ್ದಲಾಗಿದೆ ಅನ್ನುವ ಫಲಕ ಹಾಕಿದರೆ ಮುಸ್ಲಿಮರಲ್ಲಿ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

‘ನಸ್ಖ್’ ಅಂತಲೇ ಬಿಡಿ. ಅರಬಿಯಲ್ಲಿ ಆ ಧಾತುವಿಗೆ ಎರಡು ಮುಖ. ಒಂದು, ನಕಲು ಮಾಡುವುದು. ನಸ್ಖ್ ಅನ್ನುವ ಲಿಪಿಯ ಹೆಸರು ಬಂದದ್ದು ಅದರಿಂದ. ಇನ್ನೊಂದು, ತೆಗೆದುಹಾಕುವುದು. ಎರಡೂ ಕುರ್‌ಆನಿನಲ್ಲೇ ಇವೆ. 2:106ರಲ್ಲಿ ತೆಗೆಯುವ ಅರ್ಥ, 45:29ರಲ್ಲಿ ‘ನೀವು ಮಾಡುತ್ತಿದ್ದುದನ್ನೆಲ್ಲ ನಾವು ಬರೆಸಿಡುತ್ತಿದ್ದೆವು’ ಅನ್ನುವಲ್ಲಿ ಬರೆದುಕೊಳ್ಳುವ ಅರ್ಥ. ಬರೆಯುವುದು ಮತ್ತು ಅಳಿಸುವುದು ಒಂದೇ ಬೇರಿನಲ್ಲಿರುವ ಪದಕ್ಕೆ ಕನ್ನಡದಲ್ಲಿ ಸಮ ಸಿಗುವುದಿಲ್ಲ. ಎರವಲು ತೆಗೆದುಕೊಳ್ಳುವುದಕ್ಕೆ ನಾಚಿಕೆ ಯಾಕೆ? ರದ್ದು, ಹುಕುಂ, ತರ್ಜುಮೆ, ವಕೀಲ, ಕಾಯಿದೆ ಎಲ್ಲ ಅರಬಿಯಿಂದ ಬಂದವೇ.

ಅಂದಹಾಗೆ ಅಚ್ಚಗನ್ನಡದವರೇ, ನೀವು ‘ಸುರಿಯುವುದರ ಬದಲು’ ಅಂತ ಬರೆದಿದ್ದೀರಿ. ಆ ‘ಬದಲು’ ಕೂಡ ಅರಬಿ.

ಮರು:

ಬಳಕೆಯಲ್ಲಿ ನೂರಾರು ವರ್ಷ ಸವೆದು ಬಂದ ಪದ ಬೇರೆ, ನಾಳೆ ಬೆಳಿಗ್ಗೆ ಫಲಕಕ್ಕೆ ಅಂಟಿಸುವ ಪದ ಬೇರೆ. ‘ಬದಲು’ ನಮ್ಮ ಬಾಯಿಗೆ ಹೊಂದಿಕೊಂಡಿದೆ. ಅದರ ಕೊನೆಯ ಉಕಾರ ನೋಡಿ. ‘ನಸ್ಖ್’ ಅನ್ನುವುದನ್ನು ಕನ್ನಡಿಗರು ಬಾಯಲ್ಲಿ ಹೇಳಲಾರರು. ಹೇಳಲಾರದ ಪದವನ್ನು ಕಲಿ ಅನ್ನುವುದು ಓದುಗರಿಗೆ ಮಾಡುವ ಮರ್ಯಾದೆ ಅಲ್ಲ.

ಮರು:

ಮೂರನೆಯ ಪದದ ಬಗ್ಗೆ ಯಾರೂ ಸರಿಯಾಗಿ ಯೋಚಿಸುತ್ತಿಲ್ಲ. ಕನ್ನಡದಲ್ಲಿ ‘ಬೆಡಗು’ ಇದೆ. ಅಲ್ಲಮನ ಬೆಡಗಿನ ವಚನಗಳಿಗೆ ಟೀಕು ಬರೆದ ಪರಂಪರೆ ಇದೆ. ಮೇಲೆ ಒಂದು ಅರ್ಥ, ಒಳಗೆ ಇನ್ನೊಂದು. ಅಗಸ್ಟೀನನ ಕೂಸು ಮತ್ತು ಬಂಡೆಯನ್ನು ಓದಿದಾಗ ನನಗೆ ನೆನಪಾದದ್ದು ಅದೇ. ‘ಬೆಡಗಿನ ಓದು’ ಅನ್ನಿ. ಇನ್ನೊಂದು ಎಚ್ಚರಿಕೆ: ಯಾರಾದರೂ ‘ಟೀಕೆ’ ಅನ್ನುವ ಹಳೆಯ ಪದವನ್ನು ಸೂಚಿಸಿದರೆ ತೆಗೆದುಕೊಳ್ಳಬೇಡಿ. ಅದು ಒಂದು ಕಾಲಕ್ಕೆ ವ್ಯಾಖ್ಯಾನ ಆಗಿತ್ತು, ಈಗ ಬೈಗುಳದ ಹತ್ತಿರ ಬಂದಿದೆ. ‘ಕುರ್‌ಆನ್ ಟೀಕೆ’ ಅಂತ ಗೋಡೆಗೆ ಹಾಕಿದರೆ ಏನಾದೀತು ಯೋಚಿಸಿ.

ಮರು:

ಬೆಡಗು ಒಪ್ಪುವುದಿಲ್ಲ. ಬೆಡಗಿನ ವಚನವನ್ನು ಕಟ್ಟಿದವನೇ ಒಗಟಾಗಿ ಕಟ್ಟಿದ್ದಾನೆ. ಕೀರ್ತನೆ 137 ಒಗಟಲ್ಲ. ಊರು ಸುಟ್ಟು, ಜನರನ್ನು ಸೆರೆ ಹಿಡಿದು ಒಯ್ದವರ ಮೇಲೆ ಸೆರೆಯಾಳುಗಳು ಹಾಕಿದ ಶಾಪ. ಅದನ್ನು ಒಗಟು ಮಾಡಿದವರು ಆಮೇಲಿನ ಓದುಗರು.

ಮರು:

ಎಲ್ಲರಿಗೂ ಮೊದಲು ಪತ್ರ ಬರೆದವಳ ಉತ್ತರ. ಸ್ವಲ್ಪ ಉದ್ದವಾಗುತ್ತದೆ.

ಈ ಕೊನೆಯ ಮಾತು ನನಗೆ ತುಂಬಾ ಉಪಯೋಗವಾಯಿತು. ಗುಟ್ಟು ಪಠ್ಯದಲ್ಲೇ ಇದೆಯೋ, ಓದುಗರು ಇಟ್ಟರೋ ಅನ್ನುವುದನ್ನು ಪದವೇ ತೀರ್ಮಾನ ಮಾಡಿಬಿಡಬಾರದು. ಅಗಸ್ಟೀನ್ ತನ್ನ ಕಡೆಯಿಂದ ಅರ್ಥ ತುಂಬಿದೆ ಅಂದುಕೊಂಡಿರಲಿಲ್ಲ. ಅವನ ನಿಯಮವೇ ಬೇರೆ. ಅಕ್ಷರಶಃ ಓದಿದರೆ ಒಳ್ಳೆಯ ನಡತೆಗೂ ಸತ್ಯವಾದ ನಂಬಿಕೆಗೂ ಹೊಂದದ ಮಾತು ಸಿಕ್ಕಿದರೆ ಅದನ್ನು ಸಂಕೇತ ಅಂತ ತಿಳಿಯಬೇಕು ಅನ್ನುತ್ತಾನೆ. ಅವನ ಮಟ್ಟಿಗೆ ಒಳ ಅರ್ಥ ಅಲ್ಲೇ ಇತ್ತು. ಅದನ್ನು ಒಪ್ಪದ ಕ್ರೈಸ್ತರೂ ಬೇಕಾದಷ್ಟಿದ್ದಾರೆ. ಅದು ನೊಂದವರ ಕೂಗು, ಹಾಗೇ ಕೇಳಿಸಿಕೊಳ್ಳಿ, ಸಿಹಿ ಮಾಡಬೇಡಿ ಅನ್ನುತ್ತಾರೆ. ಹಾಗಾಗಿ ‘ಒಳಹುರುಳಿನ ಓದು’ ಅಂತ ಇಡುತ್ತಿದ್ದೇನೆ. ‘ಓದು’ ಅನ್ನುವುದನ್ನು ಸೇರಿಸಿದ್ದರಿಂದ ಇದು ಓದುವ ಒಂದು ಬಗೆ ಅನ್ನುವುದು ಗೊತ್ತಾಗುತ್ತದೆ, ಆದರೆ ಅದನ್ನು ಸುಳ್ಳು ಅಂದಂತೆ ಆಗುವುದಿಲ್ಲ. ‘ಅನ್ಯೋಕ್ತಿ’ ಚೆನ್ನಾಗಿದೆ ಸರ್, ನಿಜಕ್ಕೂ ಚೆನ್ನಾಗಿದೆ. ಆದರೆ ಕಾವ್ಯ ಓದಿದವರಿಗೆ ಮಾತ್ರ ತಿಳಿಯುತ್ತದೆ.

‘ಆದೇಶ’ದ ಬಗ್ಗೆ ರಾತ್ರಿ ತುಂಬಾ ಯೋಚನೆ ಮಾಡಿದೆ. ಸರ್ಕಾರಿ ಆದೇಶದ ಗೊಂದಲವನ್ನು ಪಕ್ಕಕ್ಕಿಟ್ಟರೂ ಒಂದು ತೊಂದರೆ ಉಳಿಯುತ್ತದೆ. ಆದೇಶ ಶತ್ರುವಿನ ಹಾಗೆ, ಆಗಮ ಮಿತ್ರನ ಹಾಗೆ ಅಂತ ವ್ಯಾಕರಣದವರೇ ಹೇಳುತ್ತಾರೆ. ಆದೇಶ ಬಂದರೆ ಮೊದಲಿದ್ದದ್ದು ಜಾಗ ಖಾಲಿ ಮಾಡಬೇಕು. ‘ಮಳೆಗಾಲ’ದಲ್ಲಿ ಕಕಾರ ಕಾಣುವುದಿಲ್ಲ. ಇಲ್ಲಿ ಹಾಗಿಲ್ಲ. 8:65 ಇವತ್ತೂ 8:66ರ ಪಕ್ಕದಲ್ಲೇ ಕೂತಿದೆ. ನಿಂತದ್ದು ಅದರ ವಿಧಿ, ಓದು ನಿಂತಿಲ್ಲ. ಮೌಲವಿಯವರು ಹೇಳಿದ್ದು ಇದನ್ನೇ, ನನಗೆ ಆಗ ಪೂರ್ತಿ ಅರ್ಥ ಆಗಿರಲಿಲ್ಲ.

ಇದರ ತಿರುವುಮುರುವು ಕ್ರೈಸ್ತರಲ್ಲಿ ಸಿಗುತ್ತದೆ. ಕ್ಯಾಥೊಲಿಕ್ ಚರ್ಚು 1971ರಲ್ಲಿ ಹೊಸದಾಗಿ ತಂದ ದಿನದ ಪ್ರಾರ್ಥನಾ ಪುಸ್ತಕದಿಂದ 58, 83, 109ನೆಯ ಕೀರ್ತನೆಗಳನ್ನು ಪೂರ್ತಿ ಬಿಟ್ಟಿತು. 137ರಲ್ಲಿ ಈ ಕೂಸಿನ ವಚನವನ್ನೂ ಬಿಟ್ಟಿತು. ಬೈಬಲಿನಲ್ಲಿ ಅವೆಲ್ಲ ಹಾಗೇ ಇವೆ. ಅಂದರೆ ಅಲ್ಲಿ ಪಠಣ ನಿಂತಿತು, ಗ್ರಂಥ ಮುಟ್ಟಲಿಲ್ಲ. ಇಲ್ಲಿ ವಿಧಿ ನಿಂತಿತು, ಪಠಣ ನಿಲ್ಲಲಿಲ್ಲ. ಎರಡಕ್ಕೂ ‘ರದ್ದು’ ಅಂತ ಒಂದೇ ಪದ ಅಂಟಿಸಿದ್ದರೆ ಈ ಎರಡು ಫಲಕ ಪಕ್ಕಪಕ್ಕ ಇದ್ದೂ ಏನೂ ಹೇಳುತ್ತಿರಲಿಲ್ಲ.

ಇನ್ನು ‘ರದ್ದು’ ಯಾಕೆ ಅಪಾಯ ಅನ್ನುವುದಕ್ಕೆ ಜಾಸ್ತಿ ದೊಡ್ಡ ಕಾರಣ ಒಂದಿದೆ. ಎಷ್ಟು ವಚನಗಳಿಗೆ ನಸ್ಖ್ ಆಗಿದೆ ಅನ್ನುವುದರಲ್ಲೇ ಮುಸ್ಲಿಂ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಹಳಬರಲ್ಲಿ ಕೆಲವರು ಇನ್ನೂರಕ್ಕೂ ಮೇಲೆ ಎಣಿಸಿದ್ದರು. 1505ರಲ್ಲಿ ತೀರಿಕೊಂಡ ಸುಯೂತಿ ಸುಮಾರು ಇಪ್ಪತ್ತಕ್ಕೆ ಇಳಿಸಿದರು. ದೆಹಲಿಯ ಶಾಹ್ ವಲೀಉಲ್ಲಾಹ್ (1703–1762) ಐದು ಅಂದರು. ಕುರ್‌ಆನಿನ ಒಳಗೆ ನಸ್ಖ್ ಆಗಿಯೇ ಇಲ್ಲ ಅಂದವರೂ ಇದ್ದಾರೆ. ‘ಧರ್ಮದಲ್ಲಿ ಬಲವಂತವಿಲ್ಲ’ ಅನ್ನುವ 2:256 ಯುದ್ಧದ ವಚನಗಳಿಂದ ನಿಂತುಹೋಯಿತು ಅಂತ ಕೆಲವರು, ಇಲ್ಲವೇ ಇಲ್ಲ ಅಂತ ಬಹಳ ಮಂದಿ. ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲಿ ಅನ್ನುವ 9:5 ಆ ಯುದ್ಧದ ವಚನಗಳಲ್ಲಿ ಒಂದು; ಅದನ್ನು ಹಿಂದಿನ 9:4, ಮುಂದಿನ 9:6ರ ಜೊತೆ ಸೇರಿಸಿ ಓದಬೇಕು ಅನ್ನುತ್ತಾರೆ ಈ ಎರಡನೆಯವರು. ಒಪ್ಪಂದ ಮುರಿಯದವರ ಜೊತೆ ಒಪ್ಪಂದ ಪೂರ್ತಿ ಪಾಲಿಸಿ ಅನ್ನುತ್ತದೆ 9:4. ಆಶ್ರಯ ಕೇಳಿ ಬಂದವನಿಗೆ ಆಶ್ರಯ ಕೊಟ್ಟು, ಅವನಿಗೆ ಸುರಕ್ಷಿತವಾದ ಜಾಗಕ್ಕೆ ತಲುಪಿಸಿ ಅನ್ನುತ್ತದೆ 9:6. ನನ್ನ ಫಲಕ ಈ ಜಗಳದಲ್ಲಿ ಒಂದು ಕಡೆ ಸೇರಿಬಿಟ್ಟರೆ, ನೋಡಲು ಬಂದ ಮುಸ್ಲಿಂ ಹುಡುಗಿಯೊಬ್ಬಳು ತನ್ನ ಮನೆಯ ಓದನ್ನು ಅಲ್ಲಿ ಕಾಣುವುದೇ ಇಲ್ಲ. ಪದ ಹುಡುಕುವಾಗ ನನಗೆ ಮುಖ್ಯವಾದದ್ದು ಇದೊಂದೇ. ಯಾರ ಓದಿಗೆ ಹೆಸರಿಡುತ್ತೇವೋ ಅವರು ಆ ಹೆಸರನ್ನು ನೋಡಿ ‘ಹೌದು, ನಾವು ಮಾಡುವುದು ಇದನ್ನೇ’ ಅನ್ನಬೇಕು. ಅಚ್ಚಗನ್ನಡವೋ ಸಂಸ್ಕೃತವೋ ಅರಬಿಯೋ ಅನ್ನುವುದು ಆಮೇಲಿನ ಪ್ರಶ್ನೆ.

ಎರವಲಿನ ಜಗಳದಲ್ಲಿ ನೀವಿಬ್ಬರೂ ನನಗೆ ಗೊತ್ತಿಲ್ಲದೇ ಉತ್ತರ ಕೊಟ್ಟಿದ್ದೀರಿ. ‘ಬದಲು’ ಅರಬಿ ಅಂತ ಓದಿದ ಮೇಲೆ 16:101 ತೆಗೆದು ನೋಡಿದೆ. ‘ಒಂದು ವಚನದ ಜಾಗಕ್ಕೆ ನಾವು ಇನ್ನೊಂದು ವಚನವನ್ನು ಬದಲಿಸಿದಾಗ’ ಅಂತ ಶುರುವಾಗುತ್ತದೆ. ಅಲ್ಲಿರುವ ಕ್ರಿಯಾಪದ ‘ಬದ್ದಲ್ನಾ’. ನಮ್ಮ ‘ಬದಲು’ ಹುಟ್ಟಿದ ಬೇರೇ! ನಸ್ಖ್ ಬಗ್ಗೆ ಬರೆದವರೆಲ್ಲ ಎತ್ತಿಕೊಳ್ಳುವ ವಚನ ಅದು. ಕುರ್‌ಆನಿನದೇ ಪದ, ಕನ್ನಡದ ಬಾಯಿಗೂ ಹೊಂದಿದ ಪದ. ‘ಹುಕುಂ’ ಕೂಡ ಹಾಗೆಯೇ, ಅವರು ಆ ವಿಧಿಗೆ ‘ಹುಕ್ಮ್’ ಅಂತಲೇ ಅನ್ನುತ್ತಾರೆ. ಆದ್ದರಿಂದ ಫಲಕದಲ್ಲಿ ದೊಡ್ಡದಾಗಿ ‘ಹುಕುಂ ಬದಲು, ವಚನ ಹಾಗೇ’, ಕೆಳಗೆ ಸಣ್ಣ ಅಕ್ಷರದಲ್ಲಿ ‘ನಸ್ಖ್’.

ತಲೆಬರಹಕ್ಕೆ ‘ತೊಡಕಿನ ವಚನಗಳು’. ‘ನುಡಿ’ ಬೇಡ, ಗ್ರಂಥದ ಸಾಲಿಗೆ ವಚನ ಅಂದರೇನೇ ಎಲ್ಲರಿಗೂ ತಿಳಿಯುತ್ತದೆ. ತೊಡಕು ಹಗ್ಗದ್ದೂ ಆಗಬಹುದು, ಬಿಡಿಸುವ ಕೈಯದ್ದೂ ಆಗಬಹುದು.

ಒಂದು ಸಣ್ಣ ಸಹಾಯ ಇನ್ನೂ ಬೇಕು. 3:7ರ ಫಲಕ. ಸ್ಪಷ್ಟ ವಚನಗಳಿವೆ, ಹಲವು ಅರ್ಥಕ್ಕೆ ಎಡೆ ಕೊಡುವ ವಚನಗಳೂ ಇವೆ ಅಂತ ಹೇಳಿ, ಎರಡನೆಯವುಗಳ ನಿಜವಾದ ಅರ್ಥ ಯಾರಿಗೆ ಗೊತ್ತು ಅನ್ನುವ ಕಡೆ ಓದುವವರು ಎರಡು ಪಂಗಡ ಆಗುತ್ತಾರೆ. ‘ದೇವರಿಗಲ್ಲದೆ ಯಾರಿಗೂ ತಿಳಿಯದು’ ಅಂತ ನಿಲ್ಲಿಸಿದರೆ ಮುಂದಿನದು ಹೊಸ ವಾಕ್ಯ: ಜ್ಞಾನದಲ್ಲಿ ಬೇರೂರಿದವರು ‘ನಾವು ನಂಬಿದೆವು’ ಅನ್ನುತ್ತಾರೆ. ನಿಲ್ಲಿಸದೆ ಓದಿದರೆ ಆ ಜ್ಞಾನಿಗಳಿಗೂ ಅರ್ಥ ತಿಳಿದಿದೆ ಅಂತಾಗುತ್ತದೆ. ಅರಬಿಯಲ್ಲಿ ಉಸಿರು ನಿಲ್ಲಿಸುವ ಜಾಗದಿಂದ ಬರುವ ವ್ಯತ್ಯಾಸ ಇದು. ಕನ್ನಡದಲ್ಲಿ ‘ದೇವರಿಗೂ ಜ್ಞಾನಿಗಳಿಗೂ’ ಅಂತ ಪ್ರತ್ಯಯ ಹಾಕಿದ ಕೂಡಲೇ ಒಂದು ಓದು ಸತ್ತುಹೋಗುತ್ತದೆ. ಎರಡೂ ಬದುಕುವ ಹಾಗೆ ಒಂದೇ ವಾಕ್ಯ ಮಾಡಲು ಆಗುತ್ತದೆಯೇ? ಆಗದಿದ್ದರೆ ಎರಡು ಅನುವಾದವನ್ನೂ ಪಕ್ಕಪಕ್ಕ ಹಾಕುತ್ತೇನೆ. ನಾಳೆ ಮಧ್ಯಾಹ್ನದವರೆಗೆ ಕಾಯುತ್ತೇನೆ.